ಅವತಾರದ ಋಣ ಯಾರ ತಲೆಗೆ?

(ಕಾಸರಗೋಡಿನಲ್ಲಿ ಕನ್ನಡ ಓದುಗರ ಎದುರು ಆಡಿದ ಮಾತುಗಳ ಬರಹ ರೂಪ. ಕೊನೆಗೆ ಸಭಿಕರು ಕೇಳಿದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಸಭೆಯಲ್ಲಿರುವ ಎಲ್ಲರಿಗೂ ನಮಸ್ಕಾರ.

ದೇವರೊಬ್ಬ ಮನುಷ್ಯನಾಗಿ ಹುಟ್ಟುತ್ತಾನೆ. ಹಸಿಯುತ್ತಾನೆ, ಅಳುತ್ತಾನೆ, ತಪ್ಪು ಮಾಡುತ್ತಾನೆ, ಸಾಯುತ್ತಾನೆ. ಆ ಮನುಷ್ಯ ಆ ದೇವರೇ ಹೌದೋ, ದೇವರಿಂದ ಬಂದ ಬೇರೊಬ್ಬನೋ? ಇಲ್ಲಿ ಮುಂದಿನ ಸಾಲಿನಲ್ಲಿ ಕೂತವರು ತಾಳಮದ್ದಳೆ ಕೇಳುತ್ತ ಈ ಪ್ರಶ್ನೆಯನ್ನು ರಾತ್ರಿಯಿಡೀ ತೂಗಿ ನೋಡಿದವರು. ಹಿಂದಿನ ಸಾಲಿನ ಮಕ್ಕಳು ಫ್ಯಾಂಟಸಿ ಕಾದಂಬರಿ ಓದುತ್ತ, ಕಂಪ್ಯೂಟರ್ ಗೇಮ್ ಆಡುತ್ತ ಇದೇ ಪ್ರಶ್ನೆಗೆ ಬಂದು ನಿಂತವರು. ಈ ಇಬ್ಬರೂ ಒಂದೇ ಜಗಲಿಯಲ್ಲಿ ಕೂತು ಮಾತಾಡಬೇಕು ಅನ್ನುವುದು ನನ್ನ ಬಹುದಿನದ ಆಸೆ.

ಮೊದಲು ಮಕ್ಕಳ ಕಡೆಯ ಕತೆ. ಎಲ್ಡರ್ ಸ್ಕ್ರೋಲ್ಸ್ ಅನ್ನುವ ಗೇಮ್ ಸರಣಿ 1994ರಲ್ಲಿ ಶುರುವಾಯಿತು. ಅದರ ಪುರಾಣದಲ್ಲಿ ಲೊರ್ಖಾನ್ ಎಂಬ ದೇವರು ಉಳಿದ ದೇವರುಗಳನ್ನು ಪುಸಲಾಯಿಸಿ ಮರ್ತ್ಯಲೋಕವನ್ನು ಕಟ್ಟಿಸುತ್ತಾನೆ. ಅದಕ್ಕೆ ಶಿಕ್ಷೆಯಾಗಿ ಅವನ ಹೃದಯವನ್ನೇ ಕಿತ್ತು ಎಸೆಯುತ್ತಾರೆ. ಮನುಷ್ಯರು ಅವನನ್ನು ಶೆಜಾರ್, ಶೋರ್ ಎಂದೆಲ್ಲ ಕರೆಯುತ್ತಾರೆ. ಈ ದೇವರು ಆಗಾಗ ವೀರರ ರೂಪದಲ್ಲಿ ಭೂಮಿಯಲ್ಲಿ ನಡೆದಾಡುತ್ತಾನೆ ಎಂಬ ನಂಬಿಕೆ ಅಲ್ಲಿದೆ. ಅಂಥವರಲ್ಲಿ ಹೆಸರಾದವನು ಪೆಲಿನಾಲ್. ಎಲ್ಫರು ಎಂಬ ಬೇರೊಂದು ಕುಲದ ದಾಸ್ಯದಲ್ಲಿದ್ದ ಮನುಷ್ಯರ ಪರ ರಾಣಿ ಅಲೆಸ್ಸಿಯಾಳ ಜತೆ ನಿಂತು ಹೋರಾಡಿದ ಯೋಧ. 2006ರಲ್ಲಿ ಬಂದ ಒಂದು ವಿಸ್ತರಣೆಯಲ್ಲಿ ಅವನ ವೀರಗಾಥೆ ಬಿಡಿ ಬಿಡಿ ತುಣುಕುಗಳಾಗಿ ಸಿಗುತ್ತದೆ. ಅವನಿಗೆ ಎದೆಯಲ್ಲಿ ಹೃದಯವಿಲ್ಲ. ಆ ಜಾಗದಲ್ಲಿ ವಜ್ರದ ಆಕಾರದ ಕೆಂಪು ಕ್ರೋಧ. ಹೃದಯ ಕಿತ್ತ ದೇವರು, ಹೃದಯವಿಲ್ಲದ ಯೋಧ. ಕವಿ ಕಣ್ಣು ಮಿಟುಕಿಸಿ ಎಲ್ಲವನ್ನೂ ಹೇಳಿಬಿಟ್ಟಿದ್ದಾನೆ.

ಆದರೆ ಬಾಯಿಬಿಟ್ಟು ಹೇಳುವುದಿಲ್ಲ. ಪೆಲಿನಾಲ್ ನಿಜಕ್ಕೂ ಶೆಜಾರನ ಅವತಾರ ಹೌದೋ ಅಲ್ಲವೋ ಎಂಬುದನ್ನು ಹೇಳದಿರುವುದೇ ಲೇಸು, ಒಮ್ಮೆ ಒಬ್ಬ ಹೇಳಿದ, ಆ ರಾತ್ರಿಯೇ ಪತಂಗಗಳು ಮುತ್ತಿ ಉಸಿರುಗಟ್ಟಿ ಸತ್ತ ಎಂದು ಗಾಥೆ ಮುಂದೆ ಸಾಗುತ್ತದೆ. ನನಗೆ ಬಹಳ ಇಷ್ಟವಾದ ಜಾಗ ಇದು. ಏಕೆಂದರೆ ಈ ಪೆಲಿನಾಲನಿಗೆ ಆಗಾಗ ಹುಚ್ಚು ಕೆರಳುತ್ತದೆ. ಆ ಹುಚ್ಚಿನಲ್ಲಿ ಅವನು ನಿರಪರಾಧಿಗಳನ್ನೂ ಕೊಲ್ಲುತ್ತಾನೆ. ಖಜೀತ್ ಎಂಬ ಬೆಕ್ಕಿನ ಮೋರೆಯ ಜನರನ್ನು ಎಲ್ಫರ ಇನ್ನೊಂದು ಕುಲವೆಂದು ತಪ್ಪು ತಿಳಿದು ಕಡಿದು ಹಾಕುತ್ತಾನೆ. ನಾಡುನಾಡೇ ಅಳಿಸಿಹೋಗುತ್ತದೆ. ಅವನನ್ನು ತಣಿಸಿ ಎಂದು ದೇವತೆಗಳಲ್ಲಿ ಮೊರೆಯಿಡಲು ರಾಣಿಯೇ ಪ್ರಾರ್ಥನೆಗೆ ಕೂರಬೇಕಾಗುತ್ತದೆ. ಈಗ ಹೇಳಿ, ಆ ಕೊಲೆಗಳ ಋಣ ಯಾರದು? ಪೆಲಿನಾಲನದೋ, ಶೆಜಾರನದೋ?

ನಾನು ಇವತ್ತು ಹೇಳಬೇಕೆಂದು ಬಂದದ್ದು ಇಷ್ಟೇ. ಅವತಾರವೂ ದೇವರೂ ಒಂದೇನಾ ಎಂಬುದನ್ನು ಶಕ್ತಿ ನೋಡಿ, ನೆನಪು ನೋಡಿ, ರೂಪ ನೋಡಿ ತೀರ್ಮಾನಿಸಲು ಹೊರಟರೆ ತಲೆ ಕೆಡುತ್ತದೆ. ಋಣ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ನೋಡಿ. ಕೆಳಗಿನವನು ಮಾಡಿದ್ದನ್ನು ಮೇಲಿನವನು ಉಣ್ಣಬೇಕೇ? ಮೇಲಿನವನು ಮಾಡಿದ್ದನ್ನು ಕೆಳಗಿನವನು ತೀರಿಸಬೇಕೇ? ಹರಿಯುತ್ತದೆ ಎಂದಾದರೆ ಇಬ್ಬರೂ ಒಬ್ಬರೇ. ಹರಿಯುವುದಿಲ್ಲ ಎಂದಾದರೆ ಎಷ್ಟೇ ತೇಜಸ್ಸು ಹಂಚಿಕೊಂಡಿದ್ದರೂ ಅವರು ಬೇರೆ ಬೇರೆ.

ಈ ಮಾತಿಗೆ ನಮ್ಮ ಕಡೆಯಿಂದ ದೊಡ್ಡ ಸಾಕ್ಷಿ ವಿದುರ. ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸಿದ್ದರಿಂದ ಕನ್ನಡಿಗರಲ್ಲಿ ಎಷ್ಟೋ ಜನ ವಿದುರನ ಕೊನೆಯನ್ನು ಓದಿಯೇ ಇರುವುದಿಲ್ಲ. ಅದು ವ್ಯಾಸಭಾರತದ ಆಶ್ರಮವಾಸಿಕ ಪರ್ವದಲ್ಲಿದೆ.

ಮಾಂಡವ್ಯ ಋಷಿಯ ಆಶ್ರಮದಲ್ಲಿ ಕಳ್ಳರು ಬಂದು ಅಡಗುತ್ತಾರೆ. ಮೌನವ್ರತದಲ್ಲಿದ್ದ ಋಷಿಯನ್ನೂ ಕಳ್ಳನೆಂದೇ ಬಗೆದು ರಾಜಭಟರು ಶೂಲಕ್ಕೇರಿಸುತ್ತಾರೆ. ನಾನೇನು ಪಾಪ ಮಾಡಿದ್ದೆ ಎಂದು ಋಷಿ ಧರ್ಮದೇವತೆಯನ್ನು ಕೇಳಿದಾಗ, ಹುಡುಗನಾಗಿದ್ದಾಗ ಕೀಟಗಳಿಗೆ ಹುಲ್ಲುಕಡ್ಡಿ ಚುಚ್ಚಿದ್ದೆ ಎಂಬ ಉತ್ತರ ಬರುತ್ತದೆ. ತಿಳಿಯದ ಮಗು ಮಾಡಿದ್ದಕ್ಕೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ಕೆರಳಿದ ಋಷಿ, ನೀನು ದಾಸಿಯ ಹೊಟ್ಟೆಯಲ್ಲಿ ಮನುಷ್ಯನಾಗಿ ಹುಟ್ಟು ಎಂದು ಶಪಿಸುತ್ತಾನೆ. ಹಾಗೆ ಹುಟ್ಟಿದವನು ವಿದುರ. ಅಂದರೆ ತಪ್ಪು ಮಾಡಿದ್ದು ದೇವರು, ಜೀವಮಾನವಿಡೀ ತೀರಿಸಿದ್ದು ಮನುಷ್ಯ. ಮೂವರು ಮಕ್ಕಳಲ್ಲಿ ಎಲ್ಲರಿಗಿಂತ ಬುದ್ಧಿವಂತನಾದರೂ ಹುಟ್ಟಿನ ಕಾರಣಕ್ಕೆ ಸಿಂಹಾಸನ ಅವನ ಪಾಲಿಗೆ ಬರಲೇ ಇಲ್ಲ. ಋಣ ಮೇಲಿನಿಂದ ಕೆಳಕ್ಕೆ ಹರಿಯಿತು.

ಅದೇ ಕಾಲಕ್ಕೆ, ಅದೇ ಅರಮನೆಯಲ್ಲಿ, ಅದೇ ಧರ್ಮದೇವತೆಯ ಇನ್ನೊಂದು ಅಂಶ ಯುಧಿಷ್ಠಿರನಾಗಿ ಬೆಳೆಯುತ್ತಿದೆ. ಒಬ್ಬ ಚಿಕ್ಕಪ್ಪ, ಇನ್ನೊಬ್ಬ ಮಗ. ಒಂದು ಜನ್ಮ ಶಾಪದಿಂದ ಬಂದದ್ದು, ಇನ್ನೊಂದು ಕುಂತಿಯ ಮಂತ್ರಕ್ಕೆ ಒಲಿದು ಬಂದದ್ದು. ಜೂಜಿನ ಸಭೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಬೇಡ, ಈ ಆಟ ಕುಲಕ್ಕೆ ಕೇಡು ಎಂದು ವಿದುರ ಗೋಗರೆಯುತ್ತಾನೆ. ಆಟಕ್ಕೆ ಬಾ ಎಂಬ ಕರೆಯನ್ನು ಹೊತ್ತು ಹೋಗಬೇಕಾದವನೂ ಅವನೇ. ಯುಧಿಷ್ಠಿರ ಬಂದು ಕೂತು, ತಮ್ಮಂದಿರನ್ನು, ತನ್ನನ್ನು, ಕೊನೆಗೆ ದ್ರೌಪದಿಯನ್ನು ಒಡ್ಡುತ್ತಾನೆ. ಇಬ್ಬರೂ ಒಬ್ಬನೇ ದೇವರಾದರೆ ಎಚ್ಚರಿಸಿದವನೂ ಧರ್ಮ, ಎಚ್ಚರಿಕೆ ಮೀರಿದವನೂ ಧರ್ಮ. ವ್ಯಾಸರು ಇದಕ್ಕೆ ಸುಲಭದ ಸಮಾಧಾನ ಕೊಡುವುದಿಲ್ಲ. ಯುಧಿಷ್ಠಿರ ಸೋತದ್ದಕ್ಕೆ ಯುಧಿಷ್ಠಿರನೇ ಕಾಡಿಗೆ ಹೋಗಬೇಕು. ಅವನು ಧರ್ಮದ ಮಗ ತಾನೇ, ಬಿಟ್ಟುಬಿಡಿ ಎಂದು ಯಾರೂ ಹೇಳುವುದಿಲ್ಲ. ದ್ರೌಪದಿಯಂತೂ ಖಂಡಿತ ಹೇಳುವುದಿಲ್ಲ.

ಯುದ್ಧ ಮುಗಿದು ಎಷ್ಟೋ ವರ್ಷಗಳಾದ ಮೇಲೆ, ಕಾಡು ಸೇರಿದ ಹಿರಿಯರನ್ನು ನೋಡಲು ಪಾಂಡವರು ಹೋಗುತ್ತಾರೆ. ದೂರದಲ್ಲಿ ವಿದುರ ಕಾಣಿಸುತ್ತಾನೆ. ಜಟೆ ಬೆಳೆದಿದೆ, ಮೈಮೇಲೆ ಬಟ್ಟೆಯಿಲ್ಲ, ದೂಳು ಮೆತ್ತಿದ ಎಲುಬಿನ ಗೂಡು. ಜನರನ್ನು ಕಂಡವನೇ ತಿರುಗಿ ಹೊರಡುತ್ತಾನೆ. ನಾನು ಯುಧಿಷ್ಠಿರ, ನಿನ್ನ ಪ್ರೀತಿಯವನು ಎಂದು ಕೂಗುತ್ತ ಅರಸ ಒಬ್ಬನೇ ಹಿಂದೆ ಓಡುತ್ತಾನೆ. ನಿರ್ಜನವಾದ ಜಾಗದಲ್ಲಿ ವಿದುರ ಒಂದು ಮರಕ್ಕೆ ಒರಗಿ ನಿಲ್ಲುತ್ತಾನೆ. ರೆಪ್ಪೆ ಮಿಟುಕಿಸದೆ ಯುಧಿಷ್ಠಿರನ ಕಣ್ಣಲ್ಲಿ ಕಣ್ಣಿಡುತ್ತಾನೆ. ಅಂಗಕ್ಕೆ ಅಂಗ, ಉಸಿರಿಗೆ ಉಸಿರು, ಇಂದ್ರಿಯಕ್ಕೆ ಇಂದ್ರಿಯ ಸೇರಿಸಿ ಅವನೊಳಗೆ ಇಳಿದುಹೋಗುತ್ತಾನೆ. ಮರಕ್ಕೆ ಒರಗಿದ ದೇಹ ಹಾಗೇ ನಿಂತಿರುತ್ತದೆ. ಯುಧಿಷ್ಠಿರನಿಗೆ ತನ್ನ ಬಲ ಹೆಚ್ಚಿದಂತೆ ಅನಿಸುತ್ತದೆ. ಧರ್ಮನೇ ವಿದುರ, ವಿದುರನೇ ಪಾಂಡವ ಎಂದು ವ್ಯಾಸರು ಆಮೇಲೆ ಬಿಡಿಸಿ ಹೇಳುತ್ತಾರೆ. ಗಮನಿಸಿ, ಈ ಮಾತು ಬರುವುದು ಇಬ್ಬರೂ ತಮ್ಮ ತಮ್ಮ ಪಾಲಿನ ಕಷ್ಟವನ್ನು ಪೂರ್ತಿ ಉಂಡ ಮೇಲೆ. ಮೊದಲೇ ಹೇಳಿದ್ದರೆ ವಿದುರನ ಅವಮಾನಕ್ಕೂ ಬೆಲೆ ಇರುತ್ತಿರಲಿಲ್ಲ, ಯುಧಿಷ್ಠಿರನ ಪಶ್ಚಾತ್ತಾಪಕ್ಕೂ ಇರುತ್ತಿರಲಿಲ್ಲ.

ಇದರ ಎದುರಿಗೆ ಟೋಲ್ಕಿನ್ ಕಟ್ಟಿದ ಲೋಕವನ್ನು ಇಟ್ಟು ನೋಡಬೇಕು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954–55ರಲ್ಲಿ ಬಂತು. ಅಲ್ಲಿನ ಮಾಂತ್ರಿಕರು ಹುಟ್ಟಾ ಮನುಷ್ಯರಲ್ಲ. ಅವರು ಮಾಯರ್ ಎಂಬ ದಿವ್ಯಜೀವಿಗಳು. ದೊಡ್ಡ ದೇವತೆಗಳಿಗಿಂತ ಒಂದು ಮೆಟ್ಟಿಲು ಕೆಳಗಿನವರು. ಗ್ಯಾಂಡಾಲ್ಫನ ಮೂಲದ ಹೆಸರು ಓಲೋರಿನ್, ಸಾರುಮಾನನದು ಕುರುಮೋ. ಮುದುಕರ ದೇಹದಲ್ಲಿ ಅವರನ್ನು ಕಳುಹಿಸಲಾಗುತ್ತದೆ, ಆ ದೇಹ ವೇಷವಲ್ಲ. ಹಸಿವು, ದಣಿವು, ಭಯ, ನೋವು ಎಲ್ಲ ನಿಜ. ಬಿಟ್ಟುಬಂದ ಪಡುವಣ ಲೋಕದ ನೆನಪೂ ಮಸುಕಾಗುತ್ತದೆ. ದಾರಿ ತಪ್ಪುವುದಕ್ಕೂ ಅವಕಾಶವಿದೆ. ಸಾರುಮಾನ್ ತಪ್ಪುತ್ತಾನೆ. ಅವನ ಕತ್ತು ಕೊಯ್ದ ಮೇಲೆ ದೇಹದಿಂದ ಬೂದು ಮಂಜೊಂದು ಎದ್ದು ಪಡುವಣಕ್ಕೆ ಮುಖ ಮಾಡಿ ನಿಲ್ಲುತ್ತದೆ. ಅದೇ ದಿಕ್ಕಿನಿಂದ ತಣ್ಣನೆಯ ಗಾಳಿ ಬೀಸುತ್ತದೆ, ಮಂಜು ಬಾಗಿ, ನಿಟ್ಟುಸಿರಿಟ್ಟು ಕರಗುತ್ತದೆ. ಮುದುಕನ ದೇಹದಲ್ಲಿ ಮಾಡಿದ ಪಾಪಕ್ಕೆ ದಿವ್ಯಜೀವಿಯೇ ಮನೆ ಕಳೆದುಕೊಂಡಿತು. ವಿದುರನಲ್ಲಿ ಮೇಲಿನಿಂದ ಕೆಳಕ್ಕೆ ಬಂದ ಋಣ, ಇಲ್ಲಿ ಕೆಳಗಿನಿಂದ ಮೇಲಕ್ಕೆ ಏರಿತು. ಹಾಗಾಗಿ ಸಾರುಮಾನ್ ಕುರುಮೋನೇ, ಅದರಲ್ಲಿ ನನಗೆ ಸಂಶಯವಿಲ್ಲ. ಗ್ಯಾಂಡಾಲ್ಫನೂ ಸಾಯುತ್ತಾನೆ, ಅವನನ್ನು ತಿರುಗಿ ಕಳುಹಿಸಲಾಗುತ್ತದೆ. ಬಂದವನಿಗೆ ತನ್ನ ಹಳೆಯ ಹೆಸರೇ ಯಾವುದೋ ಮರೆತ ಪದದಂತೆ ಕೇಳಿಸುತ್ತದೆ. ನೆನಪು ಹೀಗೆ ತೆಳುವಾದರೂ ಹೊಣೆ ತೆಳುವಾಗಲಿಲ್ಲ, ಕೆಲಸ ಮುಗಿಸಿಯೇ ಹೋದ.

ಋಣ ಹರಿಯದ ಅವತಾರಗಳೂ ಇವೆ. ಫರ್ಗಾಟನ್ ರೆಲ್ಮ್ಸ್ ಎಂಬ ಆಟದ ಲೋಕದಲ್ಲಿ, ಅಲ್ಲಿನ ಪಂಚಾಂಗದ 1358ನೇ ವರ್ಷ, ದೇವರುಗಳನ್ನೆಲ್ಲ ಸ್ವರ್ಗದಿಂದ ಕೆಳಗೆ ತಳ್ಳಲಾಗುತ್ತದೆ. ಕೊಲೆಯ ದೇವರಾದ ಭಾಲ್ ತನ್ನ ಸಾವನ್ನು ಮೊದಲೇ ಕಂಡು ಮನುಷ್ಯ ಸ್ತ್ರೀಯರಲ್ಲೂ ಬೇರೆ ಜೀವಿಗಳಲ್ಲೂ ಮಕ್ಕಳನ್ನು ಹುಟ್ಟಿಸಿರುತ್ತಾನೆ. ಒಬ್ಬೊಬ್ಬರಲ್ಲೂ ಅವನ ಒಂದು ಚೂರು. ಅವರು ಸತ್ತಷ್ಟೂ ಆ ಚೂರುಗಳು ಕೂಡಿ ತಾನು ಮತ್ತೆ ಎದ್ದು ಬರಬಹುದು ಎಂಬುದು ಅವನ ಲೆಕ್ಕ. 1998ರಲ್ಲಿ ಬಂದ ಬಾಲ್ಡರ್ಸ್ ಗೇಟ್ ಗೇಮ್ ಅಂಥ ಒಬ್ಬ ಮಗುವಿನ ಕತೆ. ಕನಸಿನಲ್ಲಿ ಬಂದು ತಂದೆಯ ರಕ್ತ ಕರೆಯುತ್ತದೆ. 2001ರ ಕೊನೆಯ ಭಾಗದಲ್ಲಿ ಆಡುವವನ ಮುಂದೆ ಆಯ್ಕೆ ಇಡುತ್ತಾರೆ: ದೈವತ್ವ ಬೇಕೋ, ಮನುಷ್ಯನಾಗಿ ಉಳಿಯುತ್ತೀಯೋ? ಬೇಡ ಎಂದು ಹೇಳಲು ಆಗುತ್ತದೆ ಅನ್ನುವುದೇ ಮುಖ್ಯ. ಭಾಲ್ ಮಾಡಿದ ಕೊಲೆಗಳಿಗೆ ಈ ಮಗು ಹೊಣೆಯಲ್ಲ. ದ್ರವ್ಯ ಅವನದು, ಬಾಳು ಇವರದು. ಇದು ಅಂಶ, ಆದರೆ ಭಿನ್ನಾಂಶ. ನಮ್ಮ ಶಾಸ್ತ್ರಕಾರರು ಸ್ವರೂಪಾಂಶ, ಭಿನ್ನಾಂಶ ಎಂದು ಬಿಡಿಸಿ ಇಟ್ಟದ್ದು ಇಂಥ ಕಡೆ ಎಷ್ಟು ಉಪಯೋಗಕ್ಕೆ ಬರುತ್ತದೆ ನೋಡಿ.

ಆ ಶಾಸ್ತ್ರದ ಮಾತಿಗೂ ನಮ್ಮ ಈ ಮಣ್ಣಿಗೂ ಹತ್ತಿರದ ನಂಟಿದೆ. ಕಾವು ಮಠದ ತ್ರಿವಿಕ್ರಮ ಪಂಡಿತಾಚಾರ್ಯರು ಇದೇ ಸೀಮೆಯವರು. ಕುಂಬಳೆಯ ಅರಸ ಜಯಸಿಂಹನ ಕಾಲದಲ್ಲಿ ಮಧ್ವಾಚಾರ್ಯರೊಂದಿಗೆ ದಿನಗಟ್ಟಲೆ ವಾದ ಮಾಡಿ, ಸೋತು, ಶಿಷ್ಯರಾದವರು. ಅವರು ಬರೆದ ವಾಯುಸ್ತುತಿ ಇವತ್ತಿಗೂ ಮಾಧ್ವರ ಮನೆಗಳಲ್ಲಿ ನಿತ್ಯ ಪಾರಾಯಣವಾಗುತ್ತದೆ. ಹನುಮ, ಭೀಮ, ಮಧ್ವ ಮೂವರೂ ಒಬ್ಬನೇ ಮುಖ್ಯಪ್ರಾಣನ, ಅಂದರೆ ವಾಯುದೇವರ, ಅವತಾರಗಳು ಎಂಬುದು ಆ ಸ್ತುತಿಯ ಜೀವಾಳ. ಉಡುಪಿಯಲ್ಲಿ ಹನುಮ ರಾಮನನ್ನು, ಭೀಮ ಕೃಷ್ಣನನ್ನು, ಮಧ್ವರು ವ್ಯಾಸರನ್ನು ಏಕಕಾಲಕ್ಕೆ ಪೂಜಿಸುತ್ತಿರುವುದನ್ನು ತ್ರಿವಿಕ್ರಮರು ಕಣ್ಣಾರೆ ಕಂಡು ಇದನ್ನು ಹಾಡಿದರು ಎಂದು ಸಂಪ್ರದಾಯ ನಂಬುತ್ತದೆ. ನಿನ್ನೆಯವರೆಗೆ ಎದುರು ಕೂತು ವಾದಿಸಿದ ಮನುಷ್ಯನಲ್ಲಿ ಮೂರು ಯುಗಗಳ ಒಂದೇ ದೇವರನ್ನು ಕಾಣುವುದು ಸಣ್ಣ ಮಾತಲ್ಲ. ಅದನ್ನು ಕಂಡವರು ಕಾಸರಗೋಡಿನವರು ಅನ್ನುವುದು ನನಗೆ ಹೆಮ್ಮೆಯ ವಿಷಯ.

ಆ ಕಣ್ಣಿನಿಂದ ಸೌಗಂಧಿಕಾ ಪ್ರಸಂಗವನ್ನು ಓದಿ. ದ್ರೌಪದಿಗೆ ಹೂ ತರಲು ಹೊರಟ ಭೀಮನಿಗೆ ಬಾಳೆಯ ವನದಲ್ಲಿ ದಾರಿಗೆ ಅಡ್ಡ ಮಲಗಿದ ಮುದಿ ಕಪಿ ಸಿಗುತ್ತದೆ. ನಿನ್ನನ್ನು ದಾಟಿ ಹೋಗುವಂತಿಲ್ಲ, ಇಲ್ಲವಾದರೆ ಹನುಮಂತ ಕಡಲನ್ನು ಹಾರಿದಂತೆ ನಿನ್ನನ್ನೂ ಬೆಟ್ಟವನ್ನೂ ಹಾರಿಬಿಡುತ್ತಿದ್ದೆ ಎಂದು ಭೀಮ ಹೇಳುತ್ತಾನೆ. ಆಗ ಕಪಿ ಕೇಳುತ್ತದೆ: ಕಡಲು ಹಾರಿದ ಆ ಹನುಮಂತ ಅಂದರೆ ಯಾರಪ್ಪ? ಭೀಮ ಎದೆಯುಬ್ಬಿಸಿ ತನ್ನಣ್ಣನ ಪರಾಕ್ರಮವನ್ನು ಆ ಅಣ್ಣನಿಗೇ ವರ್ಣಿಸುತ್ತಾನೆ. ಆಮೇಲೆ ಬಾಲ ಎತ್ತಲಾಗದೆ ಬೆವರುತ್ತಾನೆ. ವ್ಯಾಸಭಾರತದ ಸರಳ ಓದಿನಲ್ಲಿ ಇವರು ಅಣ್ಣತಮ್ಮಂದಿರು. ಮಾಧ್ವರ ಓದಿನಲ್ಲಿ ಒಬ್ಬನೇ ದೇವರು ತನ್ನೆದುರು ತಾನೇ ನಿಂತು ಆಡಿದ ಲೀಲೆ. ಚಂದ್ರಗಿರಿ ಹೊಳೆಯ ಈಚೆ ಯಕ್ಷಗಾನದಲ್ಲಿ, ಆಚೆ ಕಥಕಳಿಯಲ್ಲಿ ಇದೇ ಭೇಟಿ ರಂಗಕ್ಕೆ ಬರುತ್ತದೆ. ಎರಡೂ ಕಡೆ ಜನ ಕಾಯುವುದು ಭೀಮ ಸೋಲುವ ಆ ಗಳಿಗೆಗೆ. ಸೋಲು ಭೀಮನದೇ ಆಗಿ ಕಾಣದಿದ್ದರೆ ಅಪ್ಪುಗೆಗೆ ಅರ್ಥವಿಲ್ಲ. ಸಿದ್ಧಾಂತದಲ್ಲಿ ಏಕತ್ವವನ್ನು ಒಪ್ಪುವ ಕಲಾವಿದನೂ ರಂಗದಲ್ಲಿ ಭೀಮನ ಗರ್ವವನ್ನು ಪೂರ್ತಿಯಾಗಿ ಭೀಮನಿಗೇ ಕೊಡುತ್ತಾನೆ.

ವಾಲಿವಧೆಯ ತಾಳಮದ್ದಳೆ ಕೇಳಿದವರಿಗೆ ಇದು ಚೆನ್ನಾಗಿ ಗೊತ್ತು. ನಮ್ಮ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ಹಿರಿಯರು ಇಲ್ಲಿದ್ದಾರೆ. ಮರೆಯಲ್ಲಿ ನಿಂತು ಯಾಕೆ ಹೊಡೆದೆ ಎಂದು ವಾಲಿ ಕೇಳಿದಾಗ, ನಾನು ವಿಷ್ಣು, ನಾನು ಮಾಡಿದ್ದೇ ಸರಿ ಎಂದು ರಾಮನ ಪಾತ್ರವಾಗಿ ಮಾತಾಡುವ ಅರ್ಥಧಾರಿ ಹೇಳಿದರೆ ಅಲ್ಲಿಗೆ ಕೂಟ ಮುಗಿಯಿತು. ಮರ್ಮ ಬಲ್ಲವನು ಹಾಗೆ ಹೇಳುವುದಿಲ್ಲ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ವಾಲಿಯ ಅಪರಾಧ, ಇಕ್ಷ್ವಾಕುಗಳ ಆಳ್ವಿಕೆಯ ಅಧಿಕಾರ, ರಾಜಧರ್ಮ ಇವುಗಳ ಮೇಲೆ ನಿಂತು ಮನುಷ್ಯನಾಗಿಯೇ ಉತ್ತರಿಸುತ್ತಾನೆ. ವಾಲ್ಮೀಕಿಯ ರಾಮನೂ ಹಾಗೆಯೇ. ಯುದ್ಧಕಾಂಡದ ಕೊನೆಯಲ್ಲಿ ದೇವತೆಗಳು ಬಂದು ನೀನು ಯಾರೆಂದು ಮರೆತೆಯಾ ಎಂದು ಕೇಳಿದಾಗ ಅವನು ಹೇಳುವುದು, ‘ಆತ್ಮಾನಂ ಮಾನುಷಂ ಮನ್ಯೇ ರಾಮಂ ದಶರಥಾತ್ಮಜಮ್’. ನಾನು ಮನುಷ್ಯ, ದಶರಥನ ಮಗ ರಾಮ ಎಂದೇ ತಿಳಿದಿದ್ದೇನೆ. ಈ ಮನುಷ್ಯತ್ವ ಬರೀ ಅಲಂಕಾರವಲ್ಲ, ಕತೆಯ ಕೀಲಿಯೇ ಅಲ್ಲಿದೆ. ದೇವದಾನವರಿಂದ ಸಾವು ಬಾರದಿರಲಿ ಎಂದು ಬೇಡಿದ ರಾವಣ ಮನುಷ್ಯರನ್ನು ಕಡೆಗಣಿಸಿ ಬಿಟ್ಟಿದ್ದ. ವಾಲಿಯೇ ಮುಂದೆ ಜರನೆಂಬ ಬೇಡನಾಗಿ ಹುಟ್ಟಿ ಕೃಷ್ಣನ ಪಾದಕ್ಕೆ ಬಾಣ ಬಿಟ್ಟ ಎಂಬ ಕತೆಯನ್ನು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರು. ಮೌಸಲಪರ್ವದಲ್ಲಿ ಜರನಿದ್ದಾನೆ, ವಾಲಿಯ ಮಾತಿಲ್ಲ. ಅದು ಆಮೇಲೆ ಸೇರಿದ ಕತೆ. ಆದರೆ ಸೇರಿಸಿದವರ ಮನಸ್ಸು ನೋಡಿ. ರಾಮ ಮಾಡಿದ್ದನ್ನು ಕೃಷ್ಣ ತೀರಿಸಬೇಕು ಅಂದರು. ರಾಮನೂ ಕೃಷ್ಣನೂ ಒಬ್ಬನೇ ಎಂದು ಒಪ್ಪುವುದಕ್ಕೆ ಅವರಿಗೆ ಸಿಕ್ಕ ದಾರಿ ಅದು.

ಸಭಿಕರ ಪ್ರಶ್ನೆಗಳಿಗೆ ಬರುತ್ತೇನೆ. ಹಾಗಾದರೆ ತೆಯ್ಯಂ, ಕೋಲಗಳಲ್ಲಿ ಆಗುವುದೇನು ಎಂದು ಹಿರಿಯರೊಬ್ಬರು ಕೇಳಿದರು. ಅದು ಅವತಾರವಲ್ಲ, ಆವೇಶ. ವ್ರತ ಹಿಡಿದ ಮನುಷ್ಯ ಅಂಗಾತ ಮಲಗುತ್ತಾನೆ, ಇನ್ನೊಬ್ಬರು ಸೂಕ್ಷ್ಮವಾದ ಕಡ್ಡಿಯಲ್ಲಿ ಮುಖಕ್ಕೆ ಗೆರೆ ಎಳೆಯುತ್ತಾರೆ. ಕೊನೆಗೆ ತಲೆಗೆ ಮುಡಿ ಕಟ್ಟಿ, ಕೈಗೆ ಪುಟ್ಟ ಕನ್ನಡಿ ಕೊಡುತ್ತಾರೆ. ಕನ್ನಡಿಯಲ್ಲಿ ಅವನು ನೋಡುವುದು ತನ್ನ ಮುಖವನ್ನಲ್ಲ, ದೈವದ ಮುಖವನ್ನು. ಆ ಬಳಿಕ ಬರುವ ನುಡಿ ದೈವದ್ದು. ಮುಡಿ ಇಳಿಸಿದ ಮೇಲೆ ಅವನು ಮನೆಮಂದಿಯ ನಡುವಿನ ಮನುಷ್ಯ. ದೈವ ಕೊಟ್ಟ ಅಭಯಕ್ಕೆ ಮರುದಿನ ಅವನನ್ನು ಯಾರೂ ಹೊಣೆ ಮಾಡುವುದಿಲ್ಲ. ಅವನ ಮನೆಯ ಕಷ್ಟವನ್ನು ದೈವದ ಲೆಕ್ಕಕ್ಕೂ ಬರೆಯುವುದಿಲ್ಲ. ಒಂದೇ ಮೈ, ಎರಡು ಬಾಳು, ನಡುವೆ ಋಣ ದಾಟುವುದಿಲ್ಲ. 2022ರ ಎಲ್ಡನ್ ರಿಂಗ್ ಗೇಮಿನಲ್ಲಿ ಮರಿಕಾ ಎಂಬ ದೇವಿಯೂ ಅವಳ ಪತಿ ರಾಡಗನ್ನೂ ಒಂದೇ ದೇಹದವರು ಎಂದು ಹೊರಬೀಳುತ್ತದಲ್ಲ, ಅದನ್ನು ಇದರ ಜತೆ ಇಟ್ಟು ಯೋಚಿಸಬಹುದು. ಒಬ್ಬಳು ಒಡೆದ ಎಲ್ಡನ್ ರಿಂಗನ್ನು ಇನ್ನೊಬ್ಬ ಬೆಸೆಯಲು ನೋಡುತ್ತಾನೆ. ಆದರೆ ಅಲ್ಲಿ ಶಿಕ್ಷೆ ಇಬ್ಬರಿಗೂ ಒಟ್ಟಿಗೇ ತಟ್ಟುತ್ತದೆ, ಹಾಗಾಗಿ ಅದು ಆವೇಶವಲ್ಲ.

ಕಾಲೇಜಿನ ಹುಡುಗನೊಬ್ಬ ಕೊನೆಗೆ ಎದ್ದು ನಿಂತ. “ಸರ್, ಸುತ್ತಿ ಬಳಸಿ ಹೇಳಿದ್ದು ಸಾಕು. ಪೆಲಿನಾಲ್ ಶೆಜಾರ್ ಹೌದೋ ಅಲ್ಲವೋ?”

ಹೌದು ಎಂದೇ ನನ್ನ ಉತ್ತರ. ಹೃದಯವಿಲ್ಲದ ಎದೆಯ ಕಾರಣಕ್ಕಲ್ಲ, ಅದು ಗುರುತು ಮಾತ್ರ. ಗುರುತನ್ನು ಯಾರೂ ಇಡಬಹುದು. ಪೆಲಿನಾಲನ ಹುಚ್ಚನ್ನು ತಣಿಸಲು ರಾಣಿ ಮೊರೆಯಿಟ್ಟದ್ದು ದೇವತೆಗಳಲ್ಲಿ. ಒಬ್ಬ ಮನುಷ್ಯ ಹುಚ್ಚು ಹಿಡಿದು ಕೊಂದಿದ್ದರೆ ಅವನನ್ನು ಹಿಡಿದು ಕಟ್ಟಿದರೆ ಸಾಕಿತ್ತು. ಇಲ್ಲಿ ಲೋಕದ ವ್ಯವಸ್ಥೆಯೇ ನಡುಗಿತು, ಲೆಕ್ಕ ಮೇಲಕ್ಕೆ ಹೋಯಿತು. ಕೊನೆಗೆ ಶತ್ರುಗಳು ಅವನನ್ನು ತುಂಡು ತುಂಡು ಮಾಡುತ್ತಾರೆ. ಕಡಿದುಬಿದ್ದ ತಲೆ ಗೆಳೆಯ ಮೋರಿಹಾಸನೊಂದಿಗೆ ಮಾತಾಡುತ್ತದೆ. ಹಿಂದೆ ಹೃದಯ ಕಿತ್ತ ಶಿಕ್ಷೆ ಈ ಮೈಯಲ್ಲಿ ಮತ್ತೊಮ್ಮೆ ನಡೆಯಿತು. ಮೇಲಿನದು ಕೆಳಕ್ಕೆ, ಕೆಳಗಿನದು ಮೇಲಕ್ಕೆ, ಎರಡೂ ದಿಕ್ಕಿಗೆ ಋಣ ಹರಿದಿದೆ. ಅದಕ್ಕೇ ಹೇಳುತ್ತೇನೆ, ಅವನು ಶೆಜಾರನೇ. ಹಾಗೆಂದು ಒಪ್ಪಿದ ಮೇಲೆ ಖಜೀತರ ಊರುಗಳಲ್ಲಿ ಬಿದ್ದ ಹೆಣಗಳಿಗೆ ಶೆಜಾರನನ್ನೂ ಕಟಕಟೆಗೆ ನಿಲ್ಲಿಸಬೇಕು. “ಹುಚ್ಚಿನಲ್ಲಿದ್ದ, ದೇವರಾಗಿದ್ದ, ಬಿಡಿ” ಎಂದರೆ ನಾನು ಒಪ್ಪುವುದಿಲ್ಲ.